ಬಾವಿಯ ಕೆಸರಿನಲ್ಲಿ ಸಿಕ್ಕ ರಾಕೆಟ್ಟುಗಳು
(ಹಳೆಯ ಯುದ್ಧ ಸಾಮಗ್ರಿಯನ್ನು ಗುರುತಿಸುವುದು ಹೇಗೆ?)



ನಿಮ್ಮ ಊರಿನ ಹಳೆಯ ಬಾವಿಯ ಹೂಳು ತೆಗೆಯುವಾಗ ತುಕ್ಕು ಹಿಡಿದ ಒಂದು ಕಬ್ಬಿಣದ ಕೊಳವೆ ಸಿಕ್ಕಿತು ಎಂದುಕೊಳ್ಳಿ. ಗೇಣುದ್ದದ ಕೊಳವೆ, ಒಳಗೆ ಗಟ್ಟಿಯಾದ ಕಪ್ಪು ಮಣ್ಣಿನಂಥ ಪದಾರ್ಥ. ಅದನ್ನು ನೀವು ಏನು ಮಾಡುವಿರಿ? ಬಹುಪಾಲು ಜನ ಅದನ್ನು ಒಂದು ಮೂಲೆಗೆ ಎಸೆಯುತ್ತಾರೆ. ಕೆಲವರು ಗುಜರಿ ಅಂಗಡಿಗೆ ಹಾಕುತ್ತಾರೆ. ಇನ್ನು ಕೆಲವರು ಒಳಗೇನಿದೆ ನೋಡೋಣವೆಂದು ಸುತ್ತಿಗೆ ತೆಗೆದುಕೊಳ್ಳುತ್ತಾರೆ. ಈ ಮೂರರಲ್ಲಿ ಯಾವುದನ್ನು ಮಾಡಿದರೂ ಇತಿಹಾಸದ ಒಂದು ಪುಟ ಹರಿದುಹೋಗುತ್ತದೆ. ಮೂರನೆಯದನ್ನು ಮಾಡಿದರೆ ಪ್ರಾಣವೂ ಹೋಗಬಹುದು.

ನಮ್ಮ ರಾಜ್ಯದಲ್ಲಿಯೇ ಇಂಥ ಕೊಳವೆಗಳು ಸಿಕ್ಕವು. ಅವುಗಳ ನಿಜವಾದ ಗುರುತು ತಿಳಿಯಲು ಐದು ವರ್ಷ ಬೇಕಾಯಿತು. ಆ ಕಥೆಯನ್ನು ಹೇಳುತ್ತಾ, ಮಣ್ಣಿನಿಂದ ಬಂದ ಹಳೆಯ ಯುದ್ಧ ಸಾಮಗ್ರಿಯನ್ನು ವಿದ್ವಾಂಸರು ಹೇಗೆ ಗುರುತಿಸುತ್ತಾರೆ ಎಂಬುದನ್ನು ತಿಳಿಸುವುದು ಈ ಲೇಖನದ ಉದ್ದೇಶ.

ನಗರದ ಬಾವಿ

ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿ ನಗರ ಎಂಬ ಊರಿದೆ. ಇಂದು ಅದು ಮಲೆನಾಡಿನ ಒಂದು ಚಿಕ್ಕ ಊರು. ಆದರೆ ಹದಿನೇಳನೆಯ ಶತಮಾನದಲ್ಲಿ ಅದರ ಹೆಸರು ಬಿದನೂರು; ಕೆಳದಿ ನಾಯಕರ ರಾಜಧಾನಿ. ಕರಿಮೆಣಸು, ಅಕ್ಕಿಯ ವ್ಯಾಪಾರದಿಂದ ಸಂಪತ್ತು ತುಂಬಿದ್ದ ಪಟ್ಟಣ. 1763ರಲ್ಲಿ ಹೈದರಾಲಿ ಅದನ್ನು ಗೆದ್ದುಕೊಂಡು ಹೈದರ್‌ನಗರ ಎಂದು ಕರೆದನು. ಕಾಲಕ್ರಮದಲ್ಲಿ ‘ಹೈದರ್’ ಬಿದ್ದುಹೋಗಿ ‘ನಗರ’ ಮಾತ್ರ ಉಳಿಯಿತು. 1783ರ ಆರಂಭದಲ್ಲಿ ಜನರಲ್ ಮ್ಯಾಥ್ಯೂಸ್ ಎಂಬ ಬ್ರಿಟಿಷ್ ಸೇನಾನಿ ಈ ಪಟ್ಟಣವನ್ನು ಹಿಡಿದನು. ಕೆಲವೇ ತಿಂಗಳಲ್ಲಿ ಟಿಪ್ಪು ಸುಲ್ತಾನನು ಅದನ್ನು ಮರಳಿ ಪಡೆದನು. 1799ರಲ್ಲಿ ಶ್ರೀರಂಗಪಟ್ಟಣ ಬೀಳುವವರೆಗೆ ನಗರವು ಮೈಸೂರಿನ ಕೈಯಲ್ಲೇ ಇತ್ತು. ಈ ಇಸವಿಗಳನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತವೆ.

2002ರಲ್ಲಿ ಈ ಊರಿನ ಒಂದು ಹಳೆಯ ಬಾವಿಯನ್ನು ಸ್ವಚ್ಛಗೊಳಿಸುವಾಗ ಸುಮಾರು 160 ಕಬ್ಬಿಣದ ಕೊಳವೆಗಳು ದೊರೆತವು. ಯಾವುದೋ ಹಳೆಯ ಮದ್ದುಗುಂಡು ಎಂಬಷ್ಟು ಮಾತ್ರ ಆಗ ತಿಳಿಯಿತು. ಅವು ಶಿವಮೊಗ್ಗದ ವಸ್ತುಸಂಗ್ರಹಾಲಯಕ್ಕೆ ಸೇರಿದವು. 2007ರ ಹೊತ್ತಿಗೆ ಅವು ಹೈದರ್–ಟಿಪ್ಪು ಕಾಲದ ರಾಕೆಟ್ಟುಗಳೆಂಬುದು ಖಚಿತವಾಯಿತು. ಮುಂದೆ 2018ರ ಜುಲೈ ಕೊನೆಯ ವಾರದಲ್ಲಿ ರಾಜ್ಯ ಪುರಾತತ್ವ ಇಲಾಖೆಯು ಅಲ್ಲಿ ಕ್ರಮಬದ್ಧವಾಗಿ ಉತ್ಖನನ ನಡೆಸಿತು. ಸುಮಾರು ಹದಿನೈದು ಮಂದಿಯ ತಂಡ ಮೂರು ದಿನ ಕೆಲಸ ಮಾಡಿತು. ಬಾವಿಯ ಕೆಸರಿನಿಂದ ಮದ್ದಿನ ವಾಸನೆ ಬರುತ್ತಿತ್ತೆಂದು ಆಗ ಪತ್ರಿಕೆಗಳು ವರದಿ ಮಾಡಿದವು. ಅಗೆದು ನೋಡಿದರೆ ಒಂದು ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು! ಒಂದೇ ಗಾತ್ರದವಲ್ಲ, ಬೇರೆ ಬೇರೆ ಗಾತ್ರದವು. ಎರಡು ಶತಮಾನ ನೀರು–ಕೆಸರಿನಲ್ಲಿ ಮಲಗಿ ತುಕ್ಕು ಹಿಡಿದಿದ್ದರೂ ಆಕಾರ ಉಳಿಸಿಕೊಂಡಿದ್ದವು.

ಅದುವರೆಗೆ ಮೈಸೂರು ರಾಕೆಟ್ಟುಗಳ ಬಗ್ಗೆ ಬರೆಯುವವರು ನೋಡುತ್ತಿದ್ದುದು ಇಂಗ್ಲೆಂಡಿನ ಕಡೆಗೆ. ಲಂಡನ್ನಿನ ವೂಲಿಚ್‌ನಲ್ಲಿ ಉಳಿದಿದ್ದ ಎರಡು ರಾಕೆಟ್ಟುಗಳೇ ಮುಖ್ಯ ಆಧಾರವಾಗಿದ್ದವು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಮಾತ್ರ ಮದ್ದು ಹಿತ್ತಲ ಬಾವಿಯಲ್ಲೇ ಇತ್ತು.

ಆಕಾರವನ್ನು ಓದುವುದು

ಸಿಕ್ಕಿದ್ದು ಫಿರಂಗಿಯ ಗುಂಡಲ್ಲ, ರಾಕೆಟ್ಟೇ ಎಂದು ಹೇಳುವುದು ಹೇಗೆ? ಮೊದಲ ಸಾಕ್ಷಿ ಆಕಾರ.

ಹದಿನೆಂಟನೆಯ ಶತಮಾನದ ಫಿರಂಗಿಗಳ ನಳಿಗೆ ಒಳಗಡೆ ನುಣುಪಾಗಿತ್ತು. ಅದರಿಂದ ಹಾರಿಸುತ್ತಿದ್ದ ಗುಂಡು ಚೆಂಡಿನಂತೆ ದುಂಡಗಿರುತ್ತಿತ್ತು. ಗಟ್ಟಿ ಗುಂಡು ಒಂದು ಬಗೆ. ಒಳಗೆ ಟೊಳ್ಳಾಗಿದ್ದು, ಮದ್ದು ತುಂಬಿ, ಬತ್ತಿ ಇಡಲು ಒಂದು ರಂಧ್ರ ಬಿಟ್ಟ ಸಿಡಿಗುಂಡು ಇನ್ನೊಂದು ಬಗೆ. ಎರಡೂ ದುಂಡನೆಯವೇ. ಉದ್ದನೆಯ, ಚೂಪು ಮೂತಿಯ ಫಿರಂಗಿ ಗುಂಡು ಬಳಕೆಗೆ ಬಂದದ್ದು ನಳಿಗೆಯ ಒಳಗೆ ಸುರುಳಿ ಗೀರುಗಳನ್ನು ಕೊರೆಯತೊಡಗಿದ ಮೇಲೆ, ಅಂದರೆ ಹತ್ತೊಂಬತ್ತನೆಯ ಶತಮಾನದ ಮಧ್ಯಭಾಗದಲ್ಲಿ. ಟಿಪ್ಪುವಿನ ಕಾಲದಲ್ಲಿ ಕೊಳವೆಯ ಆಕಾರದ ಇನ್ನೊಂದು ವಸ್ತುವಿತ್ತು: ಸಣ್ಣ ಗುಂಡುಗಳನ್ನು ತುಂಬಿದ ತಗಡಿನ ಡಬ್ಬಿ. ಅದರೊಳಗೆ ಗುಂಡುಗಳಿರುತ್ತವೆ, ಮದ್ದಿರುವುದಿಲ್ಲ. ಆದ್ದರಿಂದ ಆ ಕಾಲದ ಪದರದಲ್ಲಿ ಒಂದು ತುದಿ ಮುಚ್ಚಿದ, ಇನ್ನೊಂದು ತುದಿಯಲ್ಲಿ ಬೆಂಕಿ ಹೊರಹೋಗಲು ರಂಧ್ರವುಳ್ಳ, ಒಳಗೆ ಮದ್ದು ತುಂಬಿದ ಕಬ್ಬಿಣದ ಕೊಳವೆ ಸಿಕ್ಕರೆ ಅದು ರಾಕೆಟ್ಟೇ ಆಗಿರಬೇಕೆಂಬ ಅನುಮಾನ ಬಲವಾಗುತ್ತದೆ.

ಎರಡನೆಯ ಸಾಕ್ಷಿ ಅಳತೆ. ಬೆಂಗಳೂರಿನ ರಾಷ್ಟ್ರೀಯ ವಾಯುಯಾನ ಪ್ರಯೋಗಾಲಯದ ನಿರ್ದೇಶಕರಾಗಿದ್ದ ವಿಜ್ಞಾನಿ ಪ್ರೊ. ರೊದ್ದಂ ನರಸಿಂಹ ಅವರು 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್ಟುಗಳ ಬಗ್ಗೆ ಒಂದು ಪ್ರಬಂಧ ಬರೆದರು. ವೂಲಿಚ್‌ನ ಎರಡು ರಾಕೆಟ್ಟುಗಳ ಅಳತೆಯನ್ನು ಅದರಲ್ಲಿ ಕೊಟ್ಟಿದ್ದಾರೆ. ಒಂದರ ಕೊಳವೆ 254 ಮಿ.ಮೀ. ಉದ್ದ, 58 ಮಿ.ಮೀ. ವ್ಯಾಸ, ಅದನ್ನು ಸುಮಾರು ಒಂದು ಮೀಟರ್ ಉದ್ದದ ನೇರವಾದ ಕತ್ತಿಯ ಅಲಗಿಗೆ ಚರ್ಮದ ಪಟ್ಟಿಯಿಂದ ಬಿಗಿಯಲಾಗಿತ್ತು. ಇನ್ನೊಂದರ ಕೊಳವೆ 198 ಮಿ.ಮೀ. ಉದ್ದ, ಸುಮಾರು 38 ಮಿ.ಮೀ. ವ್ಯಾಸ; ಅದನ್ನು 1.9 ಮೀಟರ್ ಉದ್ದದ ಬಿದಿರಿಗೆ ಕಟ್ಟಲಾಗಿತ್ತು. ಬಿದಿರು, ಚರ್ಮ ಮಣ್ಣಿನಲ್ಲಿ ಕೊಳೆತುಹೋಗುತ್ತವೆ, ಕಬ್ಬಿಣ ಉಳಿಯುತ್ತದೆ. ಹೀಗಾಗಿ ಬಾವಿಯಲ್ಲಿ ಸಿಗುವುದು ಬಾಲವಿಲ್ಲದ ರಾಕೆಟ್ಟು. ಬಾಲ ಕಾಣದವನಿಗೆ ಅದು ಬರೀ ಕೊಳವೆ. ವೂಲಿಚ್‌ನ ಅಳತೆ ತಿಳಿದವನಿಗೆ ಮಾತ್ರ ಕಳೆದುಹೋದ ಬಿದಿರು ಕಣ್ಣ ಮುಂದೆ ಬರುತ್ತದೆ.

ಕೊಳವೆ ಕಬ್ಬಿಣದ್ದೇ ಏಕೆ ಎಂಬುದನ್ನೂ ಗಮನಿಸಿ. ಆಗ ಯೂರೋಪಿನ ರಾಕೆಟ್ಟುಗಳ ಕೊಳವೆ ಸಾಮಾನ್ಯವಾಗಿ ಕಾಗದದ ಪದರಗಳದ್ದು. ಹೆಚ್ಚು ಮದ್ದನ್ನು ಗಿಡಿದು ತುಂಬಿದರೆ ಒತ್ತಡ ತಾಳದೆ ಒಡೆಯುತ್ತದೆ. ಬಡಿದು ಮೆದು ಮಾಡಿದ ಕಬ್ಬಿಣದ ಕೊಳವೆ ಹೆಚ್ಚಿನ ಒತ್ತಡ ತಾಳುತ್ತದೆ. ಆದ್ದರಿಂದ ಮದ್ದನ್ನು ಬಿಗಿಯಾಗಿ ತುಂಬಬಹುದು. ರಾಕೆಟ್ಟು ದೂರ ಹಾರುತ್ತದೆ. ಮೈಸೂರಿನ ರಾಕೆಟ್ಟುಗಳು ಸಾವಿರ ಗಜ, ಕೆಲವೊಮ್ಮೆ ಅದಕ್ಕೂ ದೂರ ಹೋಗುತ್ತಿದ್ದುದರ ಗುಟ್ಟು ಇದೇ. ನಮ್ಮ ಕಮ್ಮಾರನ ಸುತ್ತಿಗೆಯ ಕೌಶಲವನ್ನು ಆ ಕೊಳವೆಯಲ್ಲಿ ಓದಬಹುದು.

ಮೂರನೆಯ ಸಾಕ್ಷಿ ಸ್ಥಳ. ನಗರವು ಮೈಸೂರಿನ ಕೈಯಲ್ಲಿದ್ದದ್ದು 1763ರಿಂದ 1799ರವರೆಗೆ. ಅಲ್ಲಿ ಸಿಕ್ಕ ರಾಕೆಟ್ಟುಗಳನ್ನು ಈ ಮೂವತ್ತಾರು ವರ್ಷಗಳ ಚೌಕಟ್ಟಿನೊಳಗೆ ಇಡಬಹುದು. ಇಂಥದೇ ವರ್ಷ ಎಂದು ಹೇಳಲು ಇದು ಸಾಲದು. ಬಾವಿಗೆ ಅವನ್ನು ಹಾಕಿದವರು ಯಾರು, ಶತ್ರುವಿನ ಕೈಗೆ ಸಿಗಬಾರದೆಂದು ಹಾಕಿದರೋ, ಬೇಡವಾದ ಮೇಲೆ ಎಸೆದರೋ ಎಂಬುದನ್ನು ಕೊಳವೆಯೇ ಹೇಳಲಾರದು. ಅದಕ್ಕೆ ದಾಖಲೆ ಬೇಕು. ಆದರೆ ಮೂವತ್ತಾರು ವರ್ಷಗಳ ಒಂದು ಗಡಿ ಸಿಕ್ಕಿತಲ್ಲ, ಅದೇ ದೊಡ್ಡ ಲಾಭ. ಇದೇ ಕೊಳವೆ ಗುಜರಿ ಅಂಗಡಿಯ ರಾಶಿಯಲ್ಲಿ ಸಿಕ್ಕಿದ್ದರೆ ಈ ಗಡಿಯೂ ಇರುತ್ತಿರಲಿಲ್ಲ.

‘ಬಾಣ’ ಎಂದರೆ ಯಾವ ಬಾಣ?

ವಸ್ತುವಿನ ಜೊತೆಗೆ ಗ್ರಂಥವೂ ಮಾತನಾಡಬೇಕು. ಇಲ್ಲಿ ಭಾಷೆಯ ಒಂದು ಸ್ವಾರಸ್ಯವಿದೆ.

ಆ ಕಾಲದ ಫಾರಸಿ ಬರಹಗಳಲ್ಲಿ ರಾಕೆಟ್ಟಿಗೆ ಬಳಸಿರುವ ಪದ ‘ಬಾನ್’. ಇದು ನಮ್ಮ ಬಾಣವೇ. ಕನ್ನಡದಲ್ಲಿಯೂ ಜಾತ್ರೆ–ಉತ್ಸವಗಳ ಪಟಾಕಿಗೆ ‘ಬಾಣ ಬಿರುಸು’ ಎನ್ನುತ್ತೇವಲ್ಲವೇ? ಪದಕೋಶವನ್ನು ಮಾತ್ರ ನಂಬಿ ಓದುವವನು ‘ಬಾನ್’ ಎಂದ ಕಡೆಯೆಲ್ಲ ಬಿಲ್ಲು–ಬಾಣ ಎಂದು ತಿಳಿದರೆ, ರಾಕೆಟ್ಟು ಹಾರಿಸುವ ಸೈನಿಕರು ಬಿಲ್ಲುಗಾರರಾಗಿಬಿಡುತ್ತಾರೆ! ಒಂದು ಪದದ ತಪ್ಪು ಅರ್ಥದಿಂದ ಒಂದು ಸೇನಾ ವಿಭಾಗವೇ ಮಾಯವಾಗುತ್ತದೆ.

ಟಿಪ್ಪು ಸುಲ್ತಾನನ ಅಪ್ಪಣೆಯಂತೆ ಜೈನುಲ್ ಆಬಿದೀನ್ ಶುಸ್ತರಿ ಎಂಬುವರು ಸೇನೆಯ ನಿಯಮ, ಕವಾಯತುಗಳ ಬಗ್ಗೆ ‘ಫತ್‌ಹುಲ್ ಮುಜಾಹಿದೀನ್’ ಎಂಬ ಫಾರಸಿ ಗ್ರಂಥವನ್ನು ಬರೆದರು. ಮೈಸೂರು ಸೇನೆಯ ‘ಕುಶೂನ್’ ಎಂಬ ಪ್ರತಿಯೊಂದು ದಳಕ್ಕೆ 200 ಮಂದಿ ರಾಕೆಟ್ ಯೋಧರನ್ನು ಗೊತ್ತುಪಡಿಸಲಾಗಿತ್ತೆಂದು ಈ ಗ್ರಂಥದ ಆಧಾರದ ಮೇಲೆ ಇತಿಹಾಸಕಾರರು ಬರೆದಿದ್ದಾರೆ. 1799ರಲ್ಲಿ ಶ್ರೀರಂಗಪಟ್ಟಣದಲ್ಲಿ ಬ್ರಿಟಿಷರಿಗೆ ಬಳಸಲು ಸಿದ್ಧವಿದ್ದ 700 ರಾಕೆಟ್ಟುಗಳೂ, ಮದ್ದು ತುಂಬದ 9000 ಖಾಲಿ ಕೊಳವೆಗಳೂ ದೊರೆತವೆಂಬ ಉಲ್ಲೇಖವಿದೆ. ಈ ಅಂಕಿಗಳನ್ನು ನಗರದ ಸಾವಿರ ಕೊಳವೆಗಳ ಪಕ್ಕದಲ್ಲಿಟ್ಟು ನೋಡಿ. ರಾಕೆಟ್ಟು ಹೈದರ್–ಟಿಪ್ಪು ಸೇನೆಯಲ್ಲಿ ಆಟದ ವಸ್ತುವಾಗಿರಲಿಲ್ಲ, ರಾಶಿ ರಾಶಿಯಾಗಿ ತಯಾರಾಗುತ್ತಿದ್ದ ಆಯುಧವಾಗಿತ್ತು ಎಂಬುದು ಗ್ರಂಥ ಮತ್ತು ವಸ್ತು ಎರಡರಿಂದಲೂ ಸಿದ್ಧವಾಗುತ್ತದೆ.

ಸುಲ್ತಾನನ ಗ್ರಂಥಾಲಯದ ಪುಸ್ತಕಗಳನ್ನು ಬ್ರಿಟಿಷರು ಒಯ್ದರು. 1809ರಲ್ಲಿ ಚಾರ್ಲ್ಸ್ ಸ್ಟುವರ್ಟ್ ಎಂಬ ವಿದ್ವಾಂಸನು ಅವುಗಳ ಪಟ್ಟಿಯನ್ನು ಪ್ರಕಟಿಸಿದನು. ಆ ಹಸ್ತಪ್ರತಿಗಳನ್ನು ಓದಬೇಕಾದರೆ ಫಾರಸಿ ಬೇಕು. ನಗರದ ಊರು–ಕೇರಿ, ಕೆರೆ–ಬಾವಿಗಳ ಹೆಸರು, ಕೆಳದಿಯ ಕಡತಗಳನ್ನು ತಿಳಿಯಬೇಕಾದರೆ ಕನ್ನಡ ಬೇಕು. ಕಂಪನಿಯ ಪತ್ರಗಳಿಗೆ ಇಂಗ್ಲಿಷ್ ಬೇಕು. ಮೂರೂ ಬಲ್ಲವರು ಇಂದು ಎಷ್ಟು ಮಂದಿ? ಉರ್ದು ಲಿಪಿ ಬಲ್ಲ ವಿದ್ಯಾರ್ಥಿಗೆ ಫಾರಸಿ ಕಲಿಕೆಯ ಅರ್ಧ ದಾರಿ ಆಗಲೇ ಸವೆದಿದೆ. ಉರ್ದು, ಕನ್ನಡ ಎರಡನ್ನೂ ಚೆನ್ನಾಗಿ ಕಲಿತ ನಮ್ಮ ಮಕ್ಕಳಿಗೆ ಈ ಕ್ಷೇತ್ರದಲ್ಲಿ ಮಾಡಲು ಬೇಕಾದಷ್ಟು ಕೆಲಸವಿದೆ.

ಇಸವಿ ಓದುವಾಗ ಎಚ್ಚರ

ಟಿಪ್ಪು ಕಾಲದ ಕೋವಿ, ಫಿರಂಗಿ, ನಾಣ್ಯಗಳ ಮೇಲೆ ಬರಹವಿರುವುದುಂಟು. ಹುಲಿಪಟ್ಟೆಯ ಗುರುತು, ಹೈದರ್ ಎಂಬ ಹೆಸರಿನ ಮೊದಲ ಅಕ್ಷರ, ಜೊತೆಗೆ ಇಸವಿಯ ಅಂಕಿಗಳು. ಬರಹ ಕಂಡಾಕ್ಷಣ ಕೆಲಸ ಮುಗಿಯಿತೆಂದು ತಿಳಿಯಬೇಡಿ.

ಟಿಪ್ಪು 1787ರ ಸುಮಾರಿಗೆ ಮೌಲೂದಿ ಎಂಬ ಹೊಸ ಶಕೆಯನ್ನು ಜಾರಿಗೆ ತಂದನು. ಹಿಜರಿ ಶಕೆಯ ಎಣಿಕೆ ಪ್ರವಾದಿಯವರು ಮಕ್ಕಾದಿಂದ ಮದೀನಾಕ್ಕೆ ಹೋದ ವರ್ಷದಿಂದ ಶುರುವಾದರೆ, ಮೌಲೂದಿಯ ಎಣಿಕೆ ಅವರ ಜನನದಿಂದ. ಇಷ್ಟೇ ಅಲ್ಲ, ಅಂಕಿಗಳನ್ನು ಬಲದಿಂದ ಎಡಕ್ಕೆ ಬರೆಯುವ ಪದ್ಧತಿಯನ್ನೂ ತಂದನು. ಈಗ ಒಂದು ಕೋವಿಯ ಮೇಲೆ 5121 ಎಂದು ಕಾಣುವ ಅಂಕಿಗಳಿವೆ ಎಂದುಕೊಳ್ಳಿ. ಬಲದಿಂದ ಓದಿದರೆ 1215. ಇದನ್ನು ಹಿಜರಿ ಎಂದು ಲೆಕ್ಕ ಹಾಕಿದರೆ ಕ್ರಿ.ಶ. 1800–01 ಬರುತ್ತದೆ. ಟಿಪ್ಪು ಹುತಾತ್ಮನಾದದ್ದು 1799ರ ಮೇ 4ರಂದು. ಅಂದರೆ ಕೋವಿ ಅವನ ಮರಣದ ನಂತರದ್ದು, ನಕಲಿ ಎಂದು ಯಾರಾದರೂ ತಳ್ಳಿಹಾಕಬಹುದು! ಮೌಲೂದಿ ಎಂದು ಲೆಕ್ಕ ಹಾಕಿದರೆ ಅದು 1787–88. ನೂರಕ್ಕೆ ನೂರು ಸರಿಯಾದ ಕಾಲ. ಶಕೆ ತಿಳಿಯದಿದ್ದರೆ ಅಪ್ಪಟ ವಸ್ತುವೂ ಸುಳ್ಳಾಗುತ್ತದೆ.

ಸೀಸದ ಗುಂಡನ್ನು ತೂಗಿ ನೋಡಿ

ಬರಹವೇ ಇಲ್ಲದ ವಸ್ತುವಿಗೆ ಏನು ಮಾಡುವುದು? ಹಳೆಯ ಯುದ್ಧಭೂಮಿಗಳಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹೊರಟವರಿಗೆ ಅತಿ ಹೆಚ್ಚು ಸಿಗುವುದು ಕೋವಿಯ ಸೀಸದ ಗುಂಡು. ಎಲುಬಿಗೋ ಕಲ್ಲಿಗೋ ಬಡಿದು ಅದು ಚಪ್ಪಟೆಯಾಗಿರುತ್ತದೆ. ವ್ಯಾಸ ಅಳೆಯುವಂತಿಲ್ಲ. ಆಗ ವಿದ್ವಾಂಸರು ಅದನ್ನು ತೂಗುತ್ತಾರೆ.

ವಿಜ್ಞಾನ ಓದುವ ವಿದ್ಯಾರ್ಥಿಗಳು ಈ ಲೆಕ್ಕವನ್ನು ಮಾಡಿ ನೋಡಬಹುದು. ಸೀಸದ ಸಾಂದ್ರತೆ ಒಂದು ಘನ ಸೆಂಟಿಮೀಟರಿಗೆ 11.34 ಗ್ರಾಂ. ಗುಂಡಿನ ತೂಕ ಗೊತ್ತಾದರೆ ಘನಫಲ ಗೊತ್ತಾಗುತ್ತದೆ. ಘನಫಲದಿಂದ ಗೋಳದ ವ್ಯಾಸ ಸಿಗುತ್ತದೆ. 32 ಗ್ರಾಂ ತೂಗುವ ಗುಂಡು ಮೂಲದಲ್ಲಿ ಸುಮಾರು 17.5 ಮಿ.ಮೀ. ವ್ಯಾಸದ್ದು. ಬ್ರಿಟಿಷ್ ಸೈನಿಕರ ಕೋವಿಯ ನಳಿಗೆ ಸುಮಾರು 19 ಮಿ.ಮೀ. ಇದ್ದು, ಅದಕ್ಕೆ ಹೊಂದುತ್ತಿದ್ದುದು ಇಂಥ ಗುಂಡು. ಫ್ರೆಂಚ್ ಕೋವಿಯ ಗುಂಡು ಇನ್ನೂ ಸಣ್ಣದು, ಸುಮಾರು 25ರಿಂದ 27 ಗ್ರಾಂ. ಹೀಗೆ ಒಂದು ತಕ್ಕಡಿಯಿಂದ ಯಾವ ದೇಶದ ಮಾದರಿಯ ಕೋವಿ ಎಂಬುದನ್ನು ಅಂದಾಜು ಮಾಡಬಹುದು.

ಯಾರು ಹಾರಿಸಿದರು ಎಂಬುದನ್ನು ಮಾತ್ರ ಒಂದೇ ಗುಂಡಿನಿಂದ ಹೇಳಲಾಗದು. ಮೈಸೂರಿನವರ ಬಳಿ ಫ್ರೆಂಚ್ ಕೋವಿಗಳಿದ್ದವು, ವಶಪಡಿಸಿಕೊಂಡ ಬ್ರಿಟಿಷ್ ಕೋವಿಗಳೂ ಇದ್ದವು. ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂದು ಹಿರಿಯರು ಹೇಳಿದ್ದು ಇದಕ್ಕೇ. ಒಂದು ಗುಂಡು ಸುಳಿವು ಮಾತ್ರ. ನೂರು ಗುಂಡುಗಳು, ಅವು ಬಿದ್ದಿದ್ದ ಜಾಗದ ಸಮೇತ ಸಿಕ್ಕರೆ ಪುರಾವೆ.

ಜಾಗವೇ ಅರ್ಧ ಸಾಕ್ಷಿ

ಮೆಟಲ್ ಡಿಟೆಕ್ಟರ್ ಎಂಬ ಯಂತ್ರ ಒಳ್ಳೆಯದೋ ಕೆಟ್ಟದ್ದೋ? ಅದು ಹಿಡಿದವರ ಕೈಯ ಮೇಲಿದೆ. ಹೊರದೇಶದ ಎರಡು ಉದಾಹರಣೆ ಕೊಡುತ್ತೇನೆ.

ಕ್ರಿ.ಶ. 9ರಲ್ಲಿ ಜರ್ಮನಿಯ ಕಾಡಿನಲ್ಲಿ ವಾರುಸ್ ಎಂಬ ರೋಮನ್ ಸೇನಾಪತಿಯ ಮೂರು ದಳಗಳು ಸರ್ವನಾಶವಾದವು. ಆ ಜಾಗ ಎಲ್ಲಿ ಎಂಬುದು ಶತಮಾನಗಳ ಕಾಲ ವಾದದ ವಿಷಯವಾಗಿತ್ತು. 1987ರಲ್ಲಿ ಟೋನಿ ಕ್ಲನ್ ಎಂಬ ಬ್ರಿಟಿಷ್ ಸೇನಾಧಿಕಾರಿ ಕಾಲ್ಕ್ರೀಸೆ ಎಂಬಲ್ಲಿ ಮೆಟಲ್ ಡಿಟೆಕ್ಟರ್ ಹಿಡಿದು ಹುಡುಕಿದರು. ಮೊದಲು ರೋಮನ್ ಬೆಳ್ಳಿ ನಾಣ್ಯಗಳು, ಆಮೇಲೆ ಕವಣೆಯಲ್ಲಿ ಬೀಸುವ ಸೀಸದ ಮೂರು ಗುಂಡುಗಳು ಸಿಕ್ಕವು. ನಾಣ್ಯ ವ್ಯಾಪಾರಿಯದೂ ಆಗಿರಬಹುದು, ಕವಣೆಗುಂಡು ಸೈನಿಕನದೇ. ಕ್ಲನ್ ಅವನ್ನು ಮಾರಲಿಲ್ಲ, ಪುರಾತತ್ವ ತಜ್ಞರಿಗೆ ಒಪ್ಪಿಸಿದರು. ಮುಂದೆ ಅಲ್ಲಿ ನಡೆದ ಉತ್ಖನನದಲ್ಲಿ ವಾರುಸನ ಹೆಸರಿನ ಮೊದಲ ಮೂರು ಅಕ್ಷರಗಳನ್ನು ಒತ್ತಿದ ತಾಮ್ರದ ನಾಣ್ಯಗಳೂ ದೊರೆತವು. ಶತಮಾನಗಳ ವಾದದಲ್ಲಿ ಕಾಲ್ಕ್ರೀಸೆಯ ಕಡೆಗೆ ತೂಕ ಬಿದ್ದದ್ದು ಹೀಗೆ.

ಎರಡನೆಯದು ಅಮೆರಿಕದ ಲಿಟಲ್ ಬಿಗ್‌ಹಾರ್ನ್. 1876ರ ಜೂನ್ 25ರಂದು ಅಲ್ಲಿಯ ಮೂಲನಿವಾಸಿ ಯೋಧರು ಕಸ್ಟರ್ ಎಂಬ ಸೇನಾನಿಯ ತುಕಡಿಯನ್ನು ಸೋಲಿಸಿದರು. 1983ರಲ್ಲಿ ಕಾಳ್ಗಿಚ್ಚಿನಿಂದ ಹುಲ್ಲು ಸುಟ್ಟು ನೆಲ ಬಯಲಾಯಿತು. ಮರುವರ್ಷ ಪುರಾತತ್ವ ತಜ್ಞರು ಮೆಟಲ್ ಡಿಟೆಕ್ಟರ್‌ಗಳೊಂದಿಗೆ ಸಾಲುಸಾಲಾಗಿ ನಡೆದರು. ಸಿಕ್ಕ ಪ್ರತಿಯೊಂದು ತೋಟಾ ಜಾಗದಲ್ಲೂ ಬಾವುಟ ನೆಟ್ಟು, ಅಳೆದು, ನಕ್ಷೆಯಲ್ಲಿ ಗುರುತಿಸಿದ ಮೇಲೆಯೇ ಎತ್ತಿದರು. ಪ್ರತಿ ಬಂದೂಕಿನ ಸೂಜಿಯೂ ತೋಟೆಯ ಹಿಂಬದಿಯಲ್ಲಿ ತನ್ನದೇ ಗುರುತು ಬಿಡುತ್ತದೆ. ಆ ಗುರುತುಗಳನ್ನು ಹೋಲಿಸಿ, ಒಂದೇ ಬಂದೂಕು ಎಲ್ಲಿಂದ ಎಲ್ಲಿಗೆ ಸಾಗಿತು ಎಂಬುದನ್ನೂ ಕಂಡುಹಿಡಿದರು. ಗೆದ್ದವರ ಕಡೆಯವರು ಹೇಳುತ್ತಾ ಬಂದಿದ್ದ ಎಷ್ಟೋ ಮಾತುಗಳಿಗೆ ನೂರು ವರ್ಷಗಳ ಮೇಲೆ ನೆಲದ ಸಾಕ್ಷಿ ಸಿಕ್ಕಿತು.

ಈ ಎರಡು ಕಡೆಯೂ ಸಿಕ್ಕ ವಸ್ತುವಿನ ಬೆಲೆ ಅಂಗಡಿಯಲ್ಲಿ ಹೆಚ್ಚೇನಲ್ಲ. ಅದು ಎಲ್ಲಿ, ಯಾವುದರ ಪಕ್ಕದಲ್ಲಿ, ಎಷ್ಟು ಆಳದಲ್ಲಿ ಇತ್ತು ಎಂಬ ಮಾಹಿತಿಗೆ ಬೆಲೆ ಕಟ್ಟಲಾಗದು. ಯಾರಾದರೂ ಒಬ್ಬರು ಹಿಂದಿನ ರಾತ್ರಿ ಬಂದು ಎಲ್ಲವನ್ನೂ ಕಿತ್ತು ಚೀಲಕ್ಕೆ ತುಂಬಿಕೊಂಡು ಹೋಗಿದ್ದರೆ, ಚೀಲದಲ್ಲಿ ಉಳಿಯುತ್ತಿದ್ದುದು ಕೆಲವು ಕಿಲೋ ಲೋಹ ಮಾತ್ರ.

ನಿಧಿಯ ಆಸೆ, ಕಾನೂನು ಮತ್ತು ಅಪಾಯ

ಓದುಗರೇ, ಈ ಮಾತನ್ನು ಹೇಳಲು ಕಾರಣವಿದೆ. ನಮ್ಮ ಕೋಟೆ–ಕೊತ್ತಲಗಳಲ್ಲಿ, ಪಾಳು ಗುಡಿ, ಗೋರಿಗಳ ಬಳಿ ನಿಧಿಯ ಆಸೆಯಿಂದ ಗುಂಡಿ ತೋಡುವುದನ್ನು ಪತ್ರಿಕೆಗಳಲ್ಲಿ ಓದುತ್ತಲೇ ಇರುತ್ತೇವೆ. ಮೊದಲು ಹಾರೆ–ಗುದ್ದಲಿ ಇತ್ತು. ಈಗ ಮೆಟಲ್ ಡಿಟೆಕ್ಟರ್ ಸುಲಭವಾಗಿ ಕೈಗೆ ಸಿಗುತ್ತದೆ. ಚಿನ್ನಕ್ಕಾಗಿ ಅಗೆದವರಿಗೆ ಕಬ್ಬಿಣದ ಕೊಳವೆ ಸಿಕ್ಕರೆ ಅದನ್ನು ಪಕ್ಕಕ್ಕೆಸೆದು ಮುಂದೆ ಅಗೆಯುತ್ತಾರೆ. ಹೀಗೆ ಹಾಳಾದದ್ದಕ್ಕೆ ಲೆಕ್ಕವಿಟ್ಟವರಿಲ್ಲ.

ಕಾನೂನು ಈ ವಿಷಯದಲ್ಲಿ ಸ್ಪಷ್ಟವಾಗಿದೆ. ನೆಲದಲ್ಲಿ ಹುದುಗಿದ ಬೆಲೆಯುಳ್ಳ ವಸ್ತು ಸಿಕ್ಕರೆ ಸರ್ಕಾರಕ್ಕೆ ತಿಳಿಸಬೇಕೆಂಬ ನಿಯಮ 1878ರ ನಿಧಿ ಕಾಯಿದೆಯಿಂದಲೂ ಇದೆ. ಸಂರಕ್ಷಿತ ಸ್ಮಾರಕಗಳ ಆವರಣದಲ್ಲಿ ಅನುಮತಿಯಿಲ್ಲದೆ ಅಗೆಯುವುದನ್ನು 1958ರ ಕೇಂದ್ರ ಕಾಯಿದೆ ನಿಷೇಧಿಸುತ್ತದೆ. ನೂರು ವರ್ಷಕ್ಕಿಂತ ಹಳೆಯ ಇಂಥ ವಸ್ತುಗಳು 1972ರ ಪುರಾತನ ವಸ್ತುಗಳ ಕಾಯಿದೆಯ ವ್ಯಾಪ್ತಿಗೆ ಬರುತ್ತವೆ. ಪರವಾನಗಿಯಿಲ್ಲದೆ ಅವುಗಳ ವ್ಯಾಪಾರ ಮಾಡುವಂತಿಲ್ಲ.

ಕಾನೂನಿಗಿಂತ ದೊಡ್ಡದು ಜೀವ. ಕರಿಮದ್ದು ಪೆಟ್ಲುಪ್ಪು, ಇದ್ದಿಲು, ಗಂಧಕ ಸೇರಿಸಿ ಮಾಡಿದ್ದು. ನೂರಾರು ವರ್ಷ ಕಳೆದರೂ ಒಳಗೆ ಒಣಗಿದ್ದರೆ ಅದರ ಶಕ್ತಿ ಉಳಿದಿರಬಹುದು. 2008ರಲ್ಲಿ ಅಮೆರಿಕದ ವರ್ಜೀನಿಯಾದಲ್ಲಿ ಹಳೆಯ ಯುದ್ಧ ಸಾಮಗ್ರಿ ಸಂಗ್ರಹಿಸುವ ಅನುಭವಿ ಹವ್ಯಾಸಿಯೊಬ್ಬರು 1860ರ ದಶಕದ ಅಂತರ್ಯುದ್ಧದ ಒಂದು ಸಿಡಿಗುಂಡನ್ನು ಮನೆಯಂಗಳದಲ್ಲಿ ಸ್ವಚ್ಛಗೊಳಿಸುವಾಗ ಅದು ಸಿಡಿದು ಮೃತಪಟ್ಟರು. ಸುಮಾರು ನೂರ ನಲವತ್ತು ವರ್ಷ ಹಳೆಯ ಗುಂಡು ಅದು! ಆದ್ದರಿಂದ ಮಕ್ಕಳೇ, ಇಂಥದ್ದೇನಾದರೂ ಕಂಡರೆ ಈ ಮಾತುಗಳನ್ನು ನೆನಪಿಡಿ:

1. ಮುಟ್ಟಬೇಡಿ, ಅಲ್ಲಾಡಿಸಬೇಡಿ. ಬೆಂಕಿ, ಗರಗಸ, ಸುತ್ತಿಗೆ ಹತ್ತಿರ ಸುಳಿಯಕೂಡದು.
2. ತುಕ್ಕು ಉಜ್ಜಬೇಡಿ, ಆಮ್ಲ ಹಾಕಿ ತೊಳೆಯಬೇಡಿ. ಗುರುತಿನ ಅಕ್ಷರಗಳು ತುಕ್ಕಿನ ಜೊತೆಗೇ ಹೋಗುತ್ತವೆ.
3. ದೂರ ನಿಂತು ಫೋಟೋ ತೆಗೆಯಿರಿ. ಪಕ್ಕದ ಬಾವಿ, ಮರ, ಗೋಡೆಯೂ ಅದರಲ್ಲಿ ಕಾಣಲಿ.
4. ದಿನಾಂಕ, ಸ್ಥಳ, ಸಿಕ್ಕ ಆಳ, ಯಾವ ಕೆಲಸ ಮಾಡುವಾಗ ಸಿಕ್ಕಿತು ಎಂಬುದನ್ನು ಬರೆದಿಡಿ.
5. ಪೊಲೀಸರಿಗೂ, ತಹಶೀಲ್ದಾರರ ಮೂಲಕ ಪುರಾತತ್ವ ಇಲಾಖೆಗೂ ತಿಳಿಸಿ.

ಹೆಮ್ಮೆ ಇರಲಿ, ಅತಿಶಯೋಕ್ತಿ ಬೇಡ

ಕೊನೆಯದಾಗಿ ಒಂದು ಮಾತು. ಟಿಪ್ಪು ಸುಲ್ತಾನನ ಹೆಸರು ಬಂದ ಕೂಡಲೇ ಸಭೆಗಳಲ್ಲಿ ಎರಡು ಬಗೆಯ ಮಾತು ಕೇಳಿಬರುತ್ತದೆ. ಜಗತ್ತಿನಲ್ಲಿ ರಾಕೆಟ್ಟನ್ನು ಕಂಡುಹಿಡಿದವನೇ ಟಿಪ್ಪು ಎನ್ನುವವರು ಕೆಲವರು. ಇದೆಲ್ಲ ಕಟ್ಟುಕಥೆ ಎನ್ನುವವರು ಇನ್ನು ಕೆಲವರು. ನಗರದ ಬಾವಿ ಇಬ್ಬರಿಗೂ ಉತ್ತರ ಕೊಡುತ್ತದೆ.

ರಾಕೆಟ್ಟು ಚೀನಾದಲ್ಲಿ ಶತಮಾನಗಳ ಹಿಂದೆಯೇ ಇತ್ತು. ಭಾರತದಲ್ಲಿಯೂ ಹೈದರನಿಗಿಂತ ಮೊದಲೇ ‘ಬಾನ್’ ಬಳಕೆಯಲ್ಲಿತ್ತು. ಆದ್ದರಿಂದ ಕಂಡುಹಿಡಿದವನು ಟಿಪ್ಪು ಎನ್ನುವುದು ಸರಿಯಲ್ಲ. ಹೈದರ್–ಟಿಪ್ಪು ಮಾಡಿದ್ದು ಬೇರೆ: ಕಬ್ಬಿಣದ ಕೊಳವೆಯ ರಾಕೆಟ್ಟನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಿ, ಅದಕ್ಕೆಂದೇ ತರಬೇತಾದ ಯೋಧರನ್ನಿಟ್ಟು, ಸೇನೆಯ ಒಂದು ಅಂಗವನ್ನಾಗಿ ಮಾಡಿದರು. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಬಳಿಯ ಸುಲ್ತಾನ್‌ಪೇಟೆ ತೋಪಿನಲ್ಲಿ ರಾಕೆಟ್ಟು ಮತ್ತು ಕೋವಿಗಳ ದಾಳಿಗೆ ಸಿಕ್ಕಿ ಹಿಂದೆ ಸರಿದವನು ಕರ್ನಲ್ ಆರ್ಥರ್ ವೆಲ್ಲೆಸ್ಲಿ. ಇವನೇ ಮುಂದೆ ವಾಟರ್ಲೂವಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್. ಭಾರತದ ಈ ಅನುಭವದ ನಂತರ ವಿಲಿಯಂ ಕಾಂಗ್ರೀವ್ ವೂಲಿಚ್‌ನಲ್ಲಿ ರಾಕೆಟ್ಟುಗಳ ಪ್ರಯೋಗ ನಡೆಸಿದನು. 1807ರಲ್ಲಿ ಕೋಪನ್‌ಹೇಗನ್ ನಗರದ ಮೇಲೆ, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಕೋಟೆಯ ಮೇಲೆ ಬ್ರಿಟಿಷರು ಅವನ್ನು ಹಾರಿಸಿದರು. ಅಮೆರಿಕದ ನಾಸಾ ಸಂಸ್ಥೆಯ ವಾಲಪ್ಸ್ ಕೇಂದ್ರದಲ್ಲಿ ಮೈಸೂರು ಸೈನಿಕರು ರಾಕೆಟ್ಟು ಹಾರಿಸುವ ಚಿತ್ರವನ್ನು ಕಂಡದ್ದನ್ನು ಡಾ. ಎ.ಪಿ.ಜೆ. ಅಬ್ದುಲ್ ಕಲಾಂ ತಮ್ಮ ಆತ್ಮಕಥೆಯಲ್ಲಿ ಬರೆದಿದ್ದಾರೆ. ಇಷ್ಟು ನಿಜವೇ ಸಾಕಷ್ಟು ದೊಡ್ಡದಲ್ಲವೇ? ಅದಕ್ಕೆ ಸುಳ್ಳಿನ ಬಣ್ಣ ಬಳಿಯುವ ಅಗತ್ಯವೇನಿದೆ?

1780ರ ಸೆಪ್ಟೆಂಬರ್ 10ರ ಪೊಳ್ಳಿಲೂರು ಯುದ್ಧದಲ್ಲಿ ಕರ್ನಲ್ ಬೇಯ್ಲಿಯ ಮದ್ದಿನ ಬಂಡಿಗಳು ಸ್ಫೋಟಗೊಂಡವು. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯ ಗೋಡೆಯ ಮೇಲೆ ಆ ಯುದ್ಧದ ಚಿತ್ರವನ್ನು ನೀವು ನೋಡಿರಬಹುದು. ಅದು ರಾಕೆಟ್ಟಿನಿಂದ ಆಯಿತೆಂದು ಕೆಲವರು, ಫಿರಂಗಿಯ ಗುಂಡಿನಿಂದ ಎಂದು ಕೆಲವರು ಬರೆಯುತ್ತಾರೆ. ಇಂಥ ಕಡೆ ಎರಡೂ ಅಭಿಪ್ರಾಯಗಳಿವೆ ಎಂದು ಹೇಳುವುದೇ ಪ್ರಾಮಾಣಿಕತೆ. ಬೆಂಗಳೂರಿನ ತಾರಾಮಂಡಲಪೇಟೆಯ ಹೆಸರು ರಾಕೆಟ್ಟಿನಿಂದ ಬಂತೆಂದು ಹಲವರು ಹೇಳುತ್ತಾರೆ. ಹೆಸರು ಒಂದು ಸುಳಿವು. ಅದನ್ನೇ ರುಜುವಾತು ಎಂದು ಸಾಧಿಸಬಾರದು.

ನಮ್ಮ ಹಿರಿಯರ ಬಗ್ಗೆ ಅತಿಯಾಗಿ ಹೇಳಿದ ಒಂದು ಮಾತು ಸುಳ್ಳೆಂದು ಸಾಬೀತಾದರೆ, ಅದರ ಜೊತೆಗೆ ಹೇಳಿದ ಒಂಬತ್ತು ನಿಜಗಳನ್ನೂ ಜನ ನಂಬದೆ ಹೋಗುತ್ತಾರೆ. ಅದೇ ಕೈಯಲ್ಲಿ ಒಂದು ಕೊಳವೆ ಹಿಡಿದು, ಇದರ ಉದ್ದ ಇಷ್ಟು, ಇದು ಸಿಕ್ಕ ಜಾಗ ಇದು, ಇದನ್ನು ಹೇಳುವ ಗ್ರಂಥ ಇದು ಎಂದು ತೋರಿಸಿದರೆ ವಿರೋಧಿಯೂ ಸುಮ್ಮನೆ ಕೇಳಬೇಕಾಗುತ್ತದೆ.

ಆದ್ದರಿಂದ ಈ ವರ್ಷದ ಶೈಕ್ಷಣಿಕ ಪ್ರವಾಸಕ್ಕೆ ಜೋಗ ಜಲಪಾತಕ್ಕೆ ಹೊರಟರೆ, ಮೇಷ್ಟರುಗಳಲ್ಲಿ ನನ್ನ ವಿನಂತಿ, ಶಿವಮೊಗ್ಗದಲ್ಲಿ ಒಂದು ಗಂಟೆ ಬಸ್ಸು ನಿಲ್ಲಿಸಿ ಮಕ್ಕಳಿಗೆ ಅಲ್ಲಿಯ ಶಿವಪ್ಪ ನಾಯಕನ ಅರಮನೆಯನ್ನೂ ವಸ್ತುಸಂಗ್ರಹಾಲಯವನ್ನೂ ತೋರಿಸಿ. ಸಾಧ್ಯವಾದರೆ ನಗರದ ಕೋಟೆಯನ್ನೂ ಹತ್ತಿಸಿ. ಪ್ರತಿ ಮಗುವಿನ ಕೈಯಲ್ಲಿ ಒಂದು ನೋಟ್‌ಬುಕ್ಕು, ಒಂದು ಅಳತೆಯ ಪಟ್ಟಿ ಇರಲಿ. ನೋಡಿದ್ದನ್ನು ಅಳೆದು ಬರೆಯುವ ಅಭ್ಯಾಸ ಶಾಲೆಯಲ್ಲೇ ಆದರೆ, ನಾಳೆ ಇನ್ನೊಂದು ಬಾವಿಯಲ್ಲಿ ಇನ್ನೊಂದು ಕೊಳವೆ ಸಿಕ್ಕಾಗ ಅದರ ಗುರುತು ಹಿಡಿಯಲು ಐದು ವರ್ಷ ಬೇಕಾಗಲಿಕ್ಕಿಲ್ಲ.
</pi​ece>